ಒಂದೇ ಬಾಗಿಲಿನಿಂದ ಹೋಗಿ ಬಂದ ಕೂಸುಬಟ್ಟೆಗಳ ಮರುಪಾವತಿ ಕುರಿತು

ಬಳಸಿದ ಮಕ್ಕಳ ಉಡುಪುಗಳ ಆನ್‌ಲೈನ್ ಮಾರಾಟ ಹಾಗೂ ಮರುಪಾವತಿ ತಕರಾರು ವಿಭಾಗ
(ಮೂರನೇ ಮಹಡಿ. ಲಿಫ್ಟ್ ಎರಡನೇ ಮಹಡಿಯವರೆಗೆ ಮಾತ್ರ.)

ಸುತ್ತೋಲೆ ಸಂಖ್ಯೆ: ಬಮಉ/ಮಪಾ/ತಕ/23/ಅ-ಸೊ

ವಿಷಯ: ಮಾರಿದವರೂ ಕೊಂಡವರೂ ಒಂದೇ ಮನೆಯಲ್ಲಿ ವಾಸಿಸುತ್ತಿರುವ ಸಂದರ್ಭದಲ್ಲಿ ಮರುಪಾವತಿ ತಕರಾರನ್ನು ನಿರ್ವಹಿಸಬೇಕಾದ ವಿಧಾನ ಹಾಗೂ ಸಾಕ್ಷ್ಯವನ್ನು ಕಳೆದುಕೊಳ್ಳದಿರುವ ಬಗ್ಗೆ.

ಉಲ್ಲೇಖ:
(1) ಈ ವಿಭಾಗದ ಹಿಂದಿನ ಸುತ್ತೋಲೆ, "ಹಾಲಿನ ಕಲೆಗೂ ಔಷಧದ ಕಲೆಗೂ ಇರುವ ವ್ಯತ್ಯಾಸ", ನಲವತ್ತು ಪುಟ, ಬಣ್ಣದ ಚಿತ್ರಗಳೊಂದಿಗೆ.
(2) ಸದರಿ ಸುತ್ತೋಲೆಯನ್ನು ಹಿಂಪಡೆದ ಸುತ್ತೋಲೆ.
(3) "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂಬ ಗಾದೆ. ದಿನಾಂಕವಿಲ್ಲ, ಸಹಿಯಿಲ್ಲ.

ಪೀಠಿಕೆ

ವಿಭಾಗದ ಎಲ್ಲ ತಕರಾರು ಅಧಿಕಾರಿಗಳಿಗೆ, ಪರಿಶೀಲನಾಧಿಕಾರಿಗಳಿಗೆ, ಮತ್ತು ಕಪಾಟಿನ ಕೆಳಗಿನ ಅರೆಯಲ್ಲಿ ಮಗುವಿನ ಹಳೆಯ ಬಟ್ಟೆಗಳನ್ನು ಇಟ್ಟುಕೊಂಡಿರುವ ಸಮಸ್ತ ಹೆಂಗಸರಿಗೆ ತಿಳಿಯಪಡಿಸುವುದೇನೆಂದರೆ:

ಹಲ್ಲಿನ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೂತು ರೋಗಿಗಳಿಗೆ ಸರದಿ ಚೀಟಿ ಕೊಡುವ, ಆರು ವರ್ಷದ ಒಬ್ಬಳೇ ಮಗಳಿರುವ ಮಹಿಳೆಯೊಬ್ಬರು (ಇನ್ನು ಮುಂದೆ "ಮಾರಿದವರು") ತಮ್ಮ ಕಪಾಟಿನಲ್ಲಿದ್ದ ಇಪ್ಪತ್ತಮೂರು ಕೂಸುಬಟ್ಟೆಗಳ ಗಂಟೊಂದನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದರು. ಸದರಿ ಗಂಟನ್ನು ಆ ಮನೆಯಲ್ಲಿ "ಮುಂದಿನದಕ್ಕೆ" ಎಂದು ಕರೆಯಲಾಗುತ್ತಿತ್ತು. "ಮಾರಾಟಕ್ಕೆ ಕಾರಣ" ಎಂಬ ಅಂಕಣದಲ್ಲಿ ಮಾರಿದವರು "ಇನ್ನು ಬೇಕಾಗಿಲ್ಲ" ಎಂದಷ್ಟೇ ಬರೆದಿದ್ದರು. ಅಂಕಣದಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು ಎಂಬುದನ್ನು ವಿಭಾಗವು ವಿಷಾದದಿಂದ ಗಮನಿಸಿದೆ.

ಹನ್ನೊಂದೇ ನಿಮಿಷದಲ್ಲಿ "ಗಟ್ಟಿಗಿತ್ತಿ" ಎಂಬ ಹೆಸರಿನ ಖಾತೆಯೊಂದರಿಂದ ಗಂಟನ್ನು ಕೊಳ್ಳಲಾಯಿತು. ಪಾರ್ಸೆಲು ಮನೆಯಿಂದ ಹೊರಟು, ಬೀದಿಯ ಕೊನೆಯ ಕೊರಿಯರ್ ಅಂಗಡಿಗೆ ಹೋಗಿ, ಅಲ್ಲಿಂದ ಮುನ್ನೂರು ಕಿಲೋಮೀಟರ್ ದೂರದ ವಿಂಗಡಣಾ ಕೇಂದ್ರವನ್ನು ತಲುಪಿ, ಒಂಬತ್ತನೆಯ ದಿನ ಹೊರಟ ಬಾಗಿಲಿಗೇ ಬಂದು ನಿಂತಿತು. ಕೊಂಡವರು ಸ್ನಾನಕ್ಕೆ ಹೋಗಿದ್ದರಿಂದ ಮಾರಿದವರೇ ಸಹಿ ಹಾಕಿ ಪಡೆದುಕೊಂಡರು. ತಮ್ಮದೇ ಕೈಬರಹ, ತಾವೇ ಹಲ್ಲಿನಿಂದ ಕತ್ತರಿಸಿದ ಟೇಪು. ಹೊಸ್ತಿಲಲ್ಲಿ ಅವರು ಎಷ್ಟು ಹೊತ್ತು ನಿಂತಿದ್ದರು ಎಂಬುದು ದಾಖಲಾಗಿಲ್ಲ. ಆ ವೇಳೆ ಬಚ್ಚಲಿನಿಂದ "ಯಾರೇ ಅದು? ನಂದೇನಾದ್ರೂ ಬಂತಾ?" ಎಂಬ ಧ್ವನಿ ಕೇಳಿಸಿತೆಂದು ಕೊರಿಯರಿನವರು ಲಿಖಿತವಾಗಿ ತಿಳಿಸಿದ್ದಾರೆ.

ಕೊಂಡವರು ಮಾರಿದವರ ಅತ್ತೆ. ಹರೆಯದಿಂದ ಹೊಲಿಗೆ ಮೆಷೀನು ತುಳಿದವರು. ಗಂಟಿನಲ್ಲಿದ್ದ ಅರ್ಧದಷ್ಟು ಬಟ್ಟೆಗಳನ್ನು ಹೊಲಿದವರೂ ಅವರೇ. ಮೊಬೈಲಿನಲ್ಲಿ ಖರೀದಿ ಮಾಡುವುದನ್ನು ಅವರಿಗೆ ಕಲಿಸಿದ್ದು ಆರು ವರ್ಷದ ಮೊಮ್ಮಗಳು. ಯಾರಿಗೂ ತಿಳಿಯದಂತೆ ಕೊಂಡು ಗಂಟನ್ನು ಉಳಿಸಿಕೊಳ್ಳುವುದು ಅವರ ಉದ್ದೇಶವಾಗಿತ್ತು. ವಿಳಾಸದ ಜಾಗದಲ್ಲಿ ಸ್ವಂತ ಮನೆಯ ವಿಳಾಸ ಕೊಟ್ಟದ್ದು ಸದರಿ ಉದ್ದೇಶಕ್ಕೆ ಪೂರಕವಾಗಿರಲಿಲ್ಲ.

ಅದೇ ದಿನ ಕೊಂಡವರು ಐದರಲ್ಲಿ ಒಂದೇ ನಕ್ಷತ್ರವನ್ನು ನೀಡಿ ಹೀಗೆ ಬರೆದರು: "ಮಾರಿದವಳಿಗೆ ಬಟ್ಟೆ ಮಡಿಸೋಕೆ ಬರಲ್ಲ. ಮೊದಲಿಂದಲೂ ಬರಲ್ಲ." ಇದರಲ್ಲಿನ "ಮೊದಲಿಂದಲೂ" ಎಂಬ ಪದದಿಂದಲೇ ಉಭಯ ಪಕ್ಷಗಳ ಸಂಬಂಧವನ್ನು ವಿಭಾಗವು ಪತ್ತೆಹಚ್ಚಿತು. ಅನಂತರ ಅವರು ಮರುಪಾವತಿಗೆ ಅರ್ಜಿ ಹಾಕಿ, "ವಸ್ತು ವಿವರಣೆಗೆ ಹೊಂದುತ್ತಿಲ್ಲ" ಎಂಬ ಕಾರಣವನ್ನು ಗುರುತು ಮಾಡಿ, ಕೆಳಗೆ ಬರೆದದ್ದು: "ವಿವರಣೇಲಿ ಬೇಕಾಗಿಲ್ಲ ಅಂತಿದೆ. ಬೇಕಾಗುತ್ತೆ. ವಾಪಸ್ ತಗೊಂಡು ಎಲ್ಲಿತ್ತೋ ಅಲ್ಲೇ ಇಡ್ಲಿ."

ಮರುಪಾವತಿ ಮಂಜೂರಾದಲ್ಲಿ ನಿಯಮದ ಪ್ರಕಾರ ಗಂಟು ಮಾರಿದವರಿಗೆ ಮರಳಿ, ಮತ್ತೆ ಅದೇ ಅರೆ ಸೇರಿ, ಮತ್ತೆ "ಮುಂದಿನದಕ್ಕೆ" ಆಗುತ್ತದೆ. ಇದು ಕೊಂಡವರ ಕೋರಿಕೆ. ಹಾಗಾಗಕೂಡದು ಎಂಬುದು ಮಾರಿದವರ ತಕರಾರು. ತೀರ್ಮಾನವಾಗುವವರೆಗೆ ಗಂಟನ್ನು ಊಟದ ಮೇಜಿನ ಮುಂದಿನ ಒಂದು ಕುರ್ಚಿಯ ಮೇಲೆ ಇಡಲಾಗಿದ್ದು, ಆ ಕುರ್ಚಿ ಮನೆಯ ಯಜಮಾನರದ್ದಾದ್ದರಿಂದ ಅವರು ಹದಿನೇಳು ದಿನ ನಿಂತು ಊಟ ಮಾಡಿರುತ್ತಾರೆ.

ಈ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಲು ಈ ಮೂಲಕ ಸೂಚಿಸಲಾಗಿದೆ.

1. ಮಾರಿದವರ ವಿಳಾಸವೂ ಕೊಂಡವರ ವಿಳಾಸವೂ ಒಂದೇ ಆಗಿದ್ದಲ್ಲಿ ಅವುಗಳನ್ನು ಎರಡು ವಿಳಾಸಗಳೆಂದೇ ಪರಿಗಣಿಸತಕ್ಕದ್ದು. ಅಡುಗೆಮನೆಯಲ್ಲಿ ಒಲೆಯ ಎಡಬದಿ ಮಾರಿದವರದ್ದು, ಬಲಬದಿ ಕೊಂಡವರದ್ದು. ಸಿಂಕು ವಿವಾದಿತ ಪ್ರದೇಶವಾಗಿದ್ದು, ಅದರಲ್ಲಿರುವ ಪಾತ್ರೆಗಳನ್ನು ತೀರ್ಪು ಬರುವವರೆಗೆ ಯಾರೂ ಮುಟ್ಟತಕ್ಕದ್ದಲ್ಲ. (ಈ ಉಪನಿಯಮಕ್ಕೆ ಮಾತ್ರ ಉಭಯ ಪಕ್ಷಗಳಿಂದಲೂ ಆಕ್ಷೇಪಣೆ ಬಂದಿಲ್ಲ.)

2. ತಕರಾರು ಇತ್ಯರ್ಥವಾಗುವವರೆಗೆ ಉಭಯ ಪಕ್ಷಗಳು ತಕರಾರು ಅಂಕಣದ ಮೂಲಕವಲ್ಲದೆ ಬೇರಾವ ರೀತಿಯಲ್ಲೂ ಮಾತನಾಡತಕ್ಕದ್ದಲ್ಲ. ಸದರಿ ಅಂಕಣವನ್ನು ಅನ್ಯ ಉದ್ದೇಶಗಳಿಗೆ ಬಳಸತಕ್ಕದ್ದಲ್ಲ. ಈ ಪ್ರಕರಣದಲ್ಲಿ ಬಂದ ನಲವತ್ತಾರು ಸಂದೇಶಗಳ ಪೈಕಿ ನಲವತ್ತೊಂದು "ಗ್ಯಾಸ್ ಆಫ್ ಮಾಡಿದ್ಯಾ", "ಹಾಲು ಉಕ್ಕುತ್ತಿದೆ, ಯಾರಾದ್ರೂ ನೋಡಿ", "ಉಪ್ಪು ಹಾಕಿದ್ದೀನಿ, ಇನ್ನೊಂದ್ಸಲ ಹಾಕ್ಬೇಡಿ" ಎಂಬ ಸ್ವರೂಪದವಾಗಿದ್ದು, ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಕಳುಹಿಸಲ್ಪಟ್ಟಿವೆ. ಇವುಗಳಿಗೆಲ್ಲ ವಿಭಾಗದ ವತಿಯಿಂದ "ನಿಮ್ಮ ದೂರು ನಮಗೆ ಮುಖ್ಯ" ಎಂಬ ಉತ್ತರ ಹೋಗಿರುತ್ತದೆ.

3. ಅಪ್ರಾಪ್ತ ವಯಸ್ಕರನ್ನು ಮಧ್ಯವರ್ತಿಗಳಾಗಿ ಬಳಸುವುದನ್ನು ನಿಷೇಧಿಸಲಾಗಿದೆ. ಈ ಮನೆಯ ಮೊಮ್ಮಗಳು ಪರವಾನಗಿ ಇಲ್ಲದೆ ಎರಡೂ ಕೋಣೆಗಳ ನಡುವೆ ಓಡಾಡಿದ್ದು, "ಅಮ್ಮ, ನಿಂಗೆ ಕೋಪಾನಾ ಅಂತ ಅಜ್ಜಿ ಕೇಳ್ತಿದ್ದಾರೆ. ಇಲ್ಲ ಅಂತ ಹೇಳ್ಲಾ, ನಿಜ ಹೇಳ್ಲಾ?" ಎಂದು ವಿಚಾರಿಸಿರುವುದು ಗಂಭೀರ ಲೋಪವಾಗಿದೆ. ಸಂದೇಶವನ್ನು ತಲುಪಿಸುವುದಷ್ಟೇ ಮಧ್ಯವರ್ತಿಯ ಕೆಲಸ. ಆಯ್ಕೆ ಕೊಡುವುದಲ್ಲ.

4. ಪರಿಶೀಲನಾಧಿಕಾರಿಗಳು ಬಟ್ಟೆಗಳನ್ನು ಎಣಿಸಬಹುದು, ಅಳೆಯಬಹುದು, ಬೆಳಕಿಗೆ ಹಿಡಿದು ನೋಡಬಹುದು. ಮೂಸತಕ್ಕದ್ದಲ್ಲ. ಸ್ಥಳ ಪರಿಶೀಲನೆಗೆಂದು ತೆರಳಿದ್ದ ಅಧಿಕಾರಿಯೊಬ್ಬರು ಗಂಟಿನಲ್ಲಿದ್ದ ಕುಲಾವಿಯನ್ನು ಮೂಗಿನ ಹತ್ತಿರ ಹಿಡಿದು ಎರಡು ನಿಮಿಷ ಹಾಗೆಯೇ ಕೂತು, ವರದಿ ಬರೆಯದೆ ಎದ್ದುಹೋಗಿ, ಆ ಮಧ್ಯಾಹ್ನವೇ ಅರ್ಧ ದಿನದ ರಜೆ ಹಾಕಿ, ಬೇರೆ ಊರಿನಲ್ಲಿ ಓದುತ್ತಿರುವ ಮಗಳಿಗೆ ಫೋನು ಮಾಡಿರುವುದು ತಿಳಿದುಬಂದಿದೆ. ಅವರಿಂದ ವಿವರಣೆ ಕೇಳಲಾಗಿದೆ.

5. ಪರಿಶೀಲನೆಯ ವೇಳೆ ಒಂದು ಜೊತೆ ಕಾಲುಚೀಲದಲ್ಲಿ ಎಡಗಾಲಿನದ್ದು ಇರಲಿಲ್ಲ. ಅದು ಹಲ್ಲಿನ ಆಸ್ಪತ್ರೆಯ ಕೌಂಟರಿನ ಡ್ರಾಯರಿನಲ್ಲಿ, ಸರದಿ ಚೀಟಿಗಳ ಕೆಳಗೆ ಇದೆಯೆಂದು ನಂಬಲರ್ಹ ಮಾಹಿತಿ ಇದೆ. ಬಟ್ಟೆ ಬೇಡವೆಂದವರು ಕಾಲುಚೀಲ ಇಟ್ಟುಕೊಳ್ಳುವುದು ಪರಸ್ಪರ ವಿರುದ್ಧವೆಂದು ವಿಭಾಗವು ಭಾವಿಸುತ್ತದೆ. ಮಾರಿದವರು ಹಾಗೆ ಭಾವಿಸಿಲ್ಲ.

6. ಬಟ್ಟೆ "ಬೇಕು" ಅಥವಾ "ಬೇಡ" ಎಂಬುದು ಬಟ್ಟೆಯ ಗುಣವೋ, ಮಾರಿದವರ ಗುಣವೋ ಎಂಬ ಪ್ರಶ್ನೆಯನ್ನು ಮೂವರು ತಜ್ಞರ ಸಮಿತಿಗೆ ಒಪ್ಪಿಸಲಾಗಿತ್ತು. ಮೂವರೂ ಅನುಭವಿ ಗಂಡಸರು. ಮೂವರಿಗೂ ಸೇರಿ ಏಳು ಮಕ್ಕಳು. ಆ ಏಳರ ಪೈಕಿ ಯಾವೊಂದರ ಬಟ್ಟೆಯನ್ನಾದರೂ ಮೂವರಲ್ಲಿ ಒಬ್ಬರಾದರೂ ಒಗೆದಿರುವ ದಾಖಲೆ ಲಭ್ಯವಿಲ್ಲ. ಸಮಿತಿಯು ಆರು ಸಭೆಗಳ ನಂತರ, ಇದು ಇಡೀ ಮನೆತನದ ವಿಷಯವಾಗಿದ್ದು ಮಾರಿದವರೊಬ್ಬರ ಹೇಳಿಕೆಯನ್ನು ನಂಬಲಾಗದು ಎಂಬ ಒಮ್ಮತಕ್ಕೆ ಬಂದಿದೆ.

7. ಆದ್ದರಿಂದ ಇನ್ನು ಮುಂದೆ "ಇನ್ನು ಬೇಕಾಗಿಲ್ಲ" ಎಂದು ಬರೆಯುವ ಪ್ರತಿಯೊಬ್ಬ ಮಾರಾಟಗಾರ್ತಿಯೂ ನಮೂನೆ ಒಂಬತ್ತರಲ್ಲಿ ದೃಢೀಕರಣ ಪತ್ರ ಸಲ್ಲಿಸತಕ್ಕದ್ದು. ಅದಕ್ಕೆ ಈ ಕೆಳಗಿನವರ ಸಹಿ ಅಗತ್ಯ:

ಅ) ಗಂಡ.
ಆ) ಗಂಡನ ತಾಯಿ.
ಇ) ಬೇರೆ ಊರಿನಲ್ಲಿದ್ದುಕೊಂಡು ವಾರಕ್ಕೊಮ್ಮೆ ಫೋನಿನಲ್ಲಿ ವಿಚಾರಿಸುವ ನಾದಿನಿ.
ಈ) ಮೆಟ್ಟಿಲ ಮೇಲೆ ಎದುರಾದಾಗ ಮುಖ ನೋಡದೆ ಹೊಟ್ಟೆ ನೋಡಿ "ಏನಮ್ಮ, ವಿಶೇಷ ಏನೂ ಇಲ್ವಾ?" ಎಂದು ಕೇಳುವ ನೆರೆಮನೆಯಾಕೆ. (ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿ ಕೇಳಿರತಕ್ಕದ್ದು.)
ಉ) ಮದುವೆಮನೆಗಳಲ್ಲಿ "ಒಂದಕ್ಕೊಂದು ಜೊತೆ ಬೇಡ್ವಾ?" ಎಂದು ಕೇಳಿದ ದೂರದ ಸಂಬಂಧಿಕರ ಪೈಕಿ ಇಬ್ಬರು.
ಊ) ಮಾರಾಟಗಾರ್ತಿ ಸ್ವತಃ. (ಇದು ಕಡ್ಡಾಯವಲ್ಲ.)

8. ದೃಢೀಕರಣ ಪತ್ರದಲ್ಲಿ ಒಪ್ಪಲಾಗುವ ಕಾರಣಗಳು: ಕಾಯಿಲೆ, ವೈದ್ಯರ ಸಲಹೆ, ಮನೆ ಚಿಕ್ಕದು, ಶಾಲೆಯ ಶುಲ್ಕ. "ಸಾಕು" ಎಂಬುದನ್ನು ಕಾರಣವಾಗಿ ಒಪ್ಪಲು ಬರುವುದಿಲ್ಲ. ಎಷ್ಟಕ್ಕೆ ಸಾಕು, ಯಾವ ಅಳತೆಯಲ್ಲಿ ಸಾಕು, ಯಾರನ್ನು ಕೇಳಿ ಸಾಕು ಎಂಬುದು ಸ್ಪಷ್ಟವಿಲ್ಲ.

9. ಮನೆಯ ಯಜಮಾನರ, ಅಂದರೆ ಕೊಂಡವರ ಮಗ ಹಾಗೂ ಮಾರಿದವರ ಗಂಡನ, ಹೇಳಿಕೆಯನ್ನು ಪಡೆಯಲಾಯಿತು. ಅದರ ಪೂರ್ಣಪಾಠ: "ನೋಡಿ ಸಾರ್, ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ, ಇವಳು ಹೇಳೋದ್ರಲ್ಲೂ ಅರ್ಥ ಇದೆ. ಕುರ್ಚಿ ಒಂದು ಖಾಲಿ ಮಾಡಿಸಿಕೊಟ್ರೆ ಸಾಕು." ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಈ ಹೇಳಿಕೆಯನ್ನು ವಿಭಾಗವು ಮಾದರಿಯೆಂದು ಪರಿಗಣಿಸಿದ್ದು, ಇತರ ಪ್ರಕರಣಗಳಲ್ಲೂ ಗಂಡಂದಿರು ಇದನ್ನೇ ಬಳಸಿಕೊಳ್ಳಬಹುದು. ಪ್ರತಿಗಳು ಕಚೇರಿಯಲ್ಲಿ ಲಭ್ಯ.

10. ವಿಚಾರಣೆಯ ದಿನ ಉಭಯ ಪಕ್ಷಗಳು ಬೇರೆ ಬೇರೆ ವಾಹನಗಳಲ್ಲಿ ಬರತಕ್ಕದ್ದು. ಸದರಿ ಪಕ್ಷಗಳು ಒಂದೇ ಆಟೋದಲ್ಲಿ, ಗಂಟನ್ನು ನಡುವೆ ಇಟ್ಟುಕೊಂಡು, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ನೋಡುತ್ತ ಬಂದಿರುವುದು ಆಕ್ಷೇಪಾರ್ಹ. ಕೊನೆಯ ಮಹಡಿಯ ಮೆಟ್ಟಿಲು ಹತ್ತುವಾಗ ಕೊಂಡವರ ಮಂಡಿ ಹಿಡಿದುಕೊಂಡಾಗ ಮಾರಿದವರು ಕೈ ಹಿಡಿದು ಹತ್ತಿಸಿರುವುದು ಇನ್ನಷ್ಟು ಆಕ್ಷೇಪಾರ್ಹ.

11. ವಿಚಾರಣೆಯಲ್ಲಿ ಪಕ್ಷಗಳು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸತಕ್ಕದ್ದು. ಬಟ್ಟೆಗಳ ಅಳತೆಯೇನು ಎಂದು ಮಾರಿದವರನ್ನು ಕೇಳಿದಾಗ ಅವರು ನೀಡಿದ ಉತ್ತರ ಹೀಗಿದೆ: "ನಂಗೆ ಒಬ್ಬಳು ಸಾಕು ಸಾರ್. ಕಾಯಿಲೆ ಇಲ್ಲ, ಕಷ್ಟ ಇಲ್ಲ. ಅವಳು ಅಂದ್ರೆ ಪ್ರಾಣ, ಆದ್ರೂ ಒಬ್ಬಳೇ ಸಾಕು. ಟವೆಲ್ ತಗೊಳ್ಳೋಕೆ ಬಗ್ಗಿದ್ರೂ ಆ ಗಂಟು ನನ್ನ ಮುಖಾನೇ ನೋಡುತ್ತೆ. ಹೋಮ್‌ವರ್ಕ್ ಮಾಡದೆ ಕ್ಲಾಸಿಗೆ ಬಂದೋಳ ಥರ ಆಗ್ಬಿಡ್ತೀನಿ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ನಮ್ಮನೇಲಿ ಕೂಸು ಬೇಡ ಅಂದ್ಮೇಲೂ ಕುಲಾವಿ." ಅಳತೆ ತಿಳಿದುಬಂದಿಲ್ಲ.

12. ಒಂದು ಪಕ್ಷ ಇನ್ನೊಂದು ಪಕ್ಷವನ್ನು ನೇರವಾಗಿ ಪ್ರಶ್ನಿಸತಕ್ಕದ್ದಲ್ಲ. ವಿಚಾರಣೆಯ ಅಧ್ಯಕ್ಷರು ಮೇಜು ತಟ್ಟುತ್ತಿದ್ದಾಗಲೂ ನಡೆದ ಮಾತುಕತೆಯನ್ನು, ಮುಂದೆ ಹೀಗಾಗಬಾರದೆಂಬ ಕಾರಣಕ್ಕಾಗಿ ಮಾತ್ರ, ಇಲ್ಲಿ ಕೊಡಲಾಗಿದೆ:

ಕೊಂಡವರು: "ಇಷ್ಟು ಜನ ಗಂಡಸರ ಮುಂದೆ ಹೇಳ್ತೀಯಲ್ಲೇ, ಮನೇಲಿ ನಂಗ್ಯಾಕೆ ಹೇಳ್ಲಿಲ್ಲ?"
ಮಾರಿದವರು: "ನೀವು ಕೇಳಿದ್ದೆಲ್ಲ 'ಯಾವಾಗ' ಅಂತ, ಅತ್ತೆ. 'ಬೇಕಾ' ಅಂತ ಒಂದ್ಸಲಾನೂ ಕೇಳ್ಲಿಲ್ಲ."
ಕೊಂಡವರು: "ನನ್ನನ್ಯಾರು ಕೇಳಿದ್ರು? ನಾಲ್ಕು ಹೆತ್ತೆ. ಸಾಕು ಅನ್ನೋ ಮಾತು ಬಾಯಿಬಿಟ್ಟು ಹೇಳ್ಬಹುದು ಅಂತ ಗೊತ್ತಿದ್ರೆ ತಾನೇ."
ಮಾರಿದವರು: "ಎಷ್ಟಕ್ಕೆ ಹೇಳ್ತಿದ್ರಿ?"
ಕೊಂಡವರು: "ಎರಡಕ್ಕೆ. ನಿನ್ ಗಂಡ ಮೂರನೆಯವನು. ಅವನಿಗೆ ಹೇಳ್ಬೇಡ."

ಇದಾದ ಮೇಲೆ ನಾಲ್ಕು ನಿಮಿಷ ಯಾರೂ ಮಾತನಾಡಲಿಲ್ಲ. ನಡಾವಳಿಯಲ್ಲಿ ಇದನ್ನು "ವಿಷಯದ ಮೇಲೆ ಕೂಲಂಕಷ ಚರ್ಚೆ" ಎಂದು ನಮೂದಿಸಲಾಗಿದೆ.

13. ವಿಚಾರಣೆಗೆ ಹಾಜರಿರುವ ಸಿಬ್ಬಂದಿಯನ್ನು ಪಕ್ಷಗಳು ಮಾತನಾಡಿಸತಕ್ಕದ್ದಲ್ಲ. ಸದರಿ ನಾಲ್ಕು ನಿಮಿಷಗಳ ನಂತರ ಕೊಂಡವರು, ಮೂಲೆಯಲ್ಲಿ ಕೂತು ನಡಾವಳಿಯನ್ನು ಟೈಪು ಮಾಡುತ್ತಿದ್ದ ಕಚೇರಿಯ ಬೆರಳಚ್ಚುಗಾರ್ತಿಯತ್ತ ತಿರುಗಿ, "ನಿಂಗೆಷ್ಟು ತಿಂಗಳು ಮಗಳೇ?" ಎಂದು ವಿಚಾರಿಸಿದರು. "ಎಂಟು ತುಂಬಿತು ಅಮ್ಮ" ಎಂಬ ಉತ್ತರ ಬಂತು. "ನಿಂಗೆ ಬೇಕಾ?" ಎಂದು ಕೊಂಡವರು ಕೇಳಿದರು. ಬೆರಳಚ್ಚುಗಾರ್ತಿಯವರು ಟೈಪು ಮಾಡುವುದನ್ನು ನಿಲ್ಲಿಸಿ, "ಬೇಕು ಅಮ್ಮ. ತುಂಬ ಬೇಕು" ಎಂದರು. ಬಳಿಕ ಎರಡೂ ಮಾತನ್ನು ಟೈಪು ಮಾಡಿದರು. ಕೇಳಿದ್ದು ಮಗುವನ್ನೋ ಬಟ್ಟೆಯನ್ನೋ ಎಂದು ಅಧ್ಯಕ್ಷರು ಸ್ಪಷ್ಟೀಕರಣ ಬಯಸಿದರು. ಸದರಿ ಸ್ಪಷ್ಟೀಕರಣ ಬಾಕಿ ಇದೆ. ಬೆರಳಚ್ಚುಗಾರ್ತಿಯವರು ಹನ್ನೊಂದು ವರ್ಷಗಳಿಂದ ಈ ವಿಭಾಗದಲ್ಲಿದ್ದು, ಕಚೇರಿಯಲ್ಲಿ ಅವರಿಗೆ ಯಾರಾದರೂ ಪ್ರಶ್ನೆಯೊಂದನ್ನು ಕೇಳಿದ್ದು ಇದೇ ಮೊದಲು ಎಂಬುದು ಕಡತಗಳಿಂದ ತಿಳಿದುಬರುತ್ತದೆ.

14. ಸಾಕ್ಷ್ಯವನ್ನು ಮೇಜಿನ ಮೇಲಿನಿಂದ ಎತ್ತತಕ್ಕದ್ದಲ್ಲ. ಕೊಂಡವರು ಗಂಟನ್ನು ಎತ್ತಿ ಬೆರಳಚ್ಚುಗಾರ್ತಿಯವರ ಮಡಿಲಿಗೆ ಹಾಕಿದ್ದು, ಮಾರಿದವರು ಅದನ್ನು ಬಿಚ್ಚಿ, ಯಾವ ಅಂಗಿಯ ಗುಂಡಿ ಮಗುವಿನ ಕತ್ತಿಗೆ ಒತ್ತುತ್ತದೆ, ಯಾವುದನ್ನು ಬಿಸಿನೀರಿನಲ್ಲಿ ಒಗೆಯಬಾರದು ಎಂಬುದನ್ನು ಒಂದೊಂದಾಗಿ ವಿವರಿಸಿದ್ದಾರೆ. ಇದು ಅರ್ಧ ಗಂಟೆ ನಡೆಯಿತು. ಮತ್ತೆ ಮಡಿಸುವಾಗ ಕೊಂಡವರು "ಬಿಡು, ನಾನ್ ಮಡಿಸ್ತೀನಿ" ಎಂದಿದ್ದಕ್ಕೆ ಮಾರಿದವರು "ಮಡಿಸಿ, ಒಂದು ನಕ್ಷತ್ರ ನಾನೂ ಕೊಡ್ತೀನಿ" ಎಂದಿದ್ದು, ವಿಚಾರಣಾ ಕೊಠಡಿಯಲ್ಲಿ ನಗೆ ಉಂಟಾಯಿತು. ವಿಚಾರಣಾ ಕೊಠಡಿಯಲ್ಲಿ ನಗತಕ್ಕದ್ದಲ್ಲ.

15. ಮರುಪಾವತಿ ಅರ್ಜಿಯನ್ನು ಹಿಂಪಡೆಯುವುದಾಗಿ ಕೊಂಡವರು ತಿಳಿಸಿದ್ದಾರೆ. ಹಿಂಪಡೆಯುವ ನಮೂನೆಯಲ್ಲಿ "ಬುದ್ಧಿ ಬಂತು" ಎಂಬ ಕಾರಣಕ್ಕೆ ಅಂಕಣವಿಲ್ಲದಿರುವುದರಿಂದ ಅರ್ಜಿಯನ್ನು ಬಾಕಿ ಇರಿಸಲಾಗಿದೆ.

16. ವಿಚಾರಣೆಯ ಮರುದಿನ ಕಪಾಟನ್ನು ಪರಿಶೀಲಿಸಲಾಗಿ, ಕೆಳಗಿನ ಅರೆ ಖಾಲಿ ಇರುವುದು ಕಂಡುಬಂದಿದೆ. ಆ ಜಾಗದಲ್ಲಿ ಮುಂದೆ ಏನನ್ನು ಇಡಲಾಗುವುದು, ಯಾವಾಗ ಇಡಲಾಗುವುದು ಎಂದು ಮಾರಿದವರಿಗೆ ನೋಟಿಸು ನೀಡಲಾಗಿತ್ತು. ಉತ್ತರವು ಕೊಂಡವರ ಕೈಬರಹದಲ್ಲಿ ಬಂದಿರುತ್ತದೆ: "ಖಾಲಿ ಇರ್ಲಿ ಅಂತ ಖಾಲಿ ಇಟ್ಟಿದ್ದಾಳೆ. ನಮ್ಮನೆ ಕಪಾಟು, ನಿಮಗ್ಯಾಕೆ?" ನೋಟಿಸಿಗೆ ಬರಬೇಕಾದ ಉತ್ತರ ಪ್ರಶ್ನೆಯ ರೂಪದಲ್ಲಿ ಇರತಕ್ಕದ್ದಲ್ಲ. ಇದೇ ಉತ್ತರದ ನಕಲನ್ನು ನಾದಿನಿಗೂ ನೆರೆಮನೆಯಾಕೆಗೂ ಕೊಂಡವರೇ ಖುದ್ದಾಗಿ ತಲುಪಿಸಿರುವುದಾಗಿ ವರದಿಯಾಗಿದೆ.

ಮೇಲ್ಕಂಡ ನಿಯಮಗಳು ತಕ್ಷಣದಿಂದ ಜಾರಿಗೆ ಬರುತ್ತವೆ. ತಪ್ಪಿದಲ್ಲಿ ಸಂಬಂಧಪಟ್ಟ ಹೆಂಗಸರನ್ನೇ ಹೊಣೆಗಾರರನ್ನಾಗಿಸಲಾಗುವುದು. ತಪ್ಪದಿದ್ದಲ್ಲಿಯೂ ಅವರನ್ನೇ.

ಸಹಿ/-
ಉಪ ತಕರಾರು ನಿರ್ದೇಶಕರು (ಪ್ರಭಾರ)
(ಕಾಯಂ ನಿರ್ದೇಶಕರು ಮೊಮ್ಮಗುವಿನ ನಾಮಕರಣಕ್ಕೆ ತೆರಳಿರುತ್ತಾರೆ)

ಟೈಪು ಮಾಡಿದವರು: ಉಪ ತಕರಾರು ನಿರ್ದೇಶಕರೇ, ಒಂದೇ ಬೆರಳಿನಿಂದ, ನಾಲ್ಕು ದಿನಗಳಲ್ಲಿ.

ಪ್ರತಿಗಳು:

1. ಮಾರಿದವರಿಗೆ, ಪಾಲಿಸುವುದಕ್ಕಾಗಿ.
2. ಕೊಂಡವರಿಗೆ, ಅದೇ ವಿಳಾಸಕ್ಕೆ, ಪ್ರತ್ಯೇಕ ಲಕೋಟೆಯಲ್ಲಿ. (ಎರಡೂ ಲಕೋಟೆಗಳನ್ನು ಒಬ್ಬರೇ ಒಡೆದು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳತಕ್ಕದ್ದಲ್ಲ.)
3. ಮನೆಯ ಯಜಮಾನರಿಗೆ, ಮಾಹಿತಿಗಾಗಿ ಮಾತ್ರ, ನಿಯಮ 12ನ್ನು ತೆಗೆದುಹಾಕಿದ ಪ್ರತಿ. ಕುರ್ಚಿ ಖಾಲಿಯಾಗಿದೆ.
4. ತಜ್ಞರ ಸಮಿತಿಗೆ, ಏಳನೇ ಸಭೆಯ ಮುಂದಿಡಲು.
5. ಪರಿಶೀಲನಾಧಿಕಾರಿಗೆ, ಮಗಳ ಊರಿನ ವಿಳಾಸಕ್ಕೆ.
6. ಬೆರಳಚ್ಚುಗಾರ್ತಿಯವರಿಗೆ, ಹೆರಿಗೆ ರಜೆಯ ವಿಳಾಸಕ್ಕೆ, ಸಾಕ್ಷ್ಯವನ್ನು ಮೂರು ದಿನಗಳೊಳಗೆ ಹಿಂದಿರುಗಿಸುವಂತೆ ಎರಡನೇ ಬಾರಿ ಕೋರಿ. ಮೊದಲ ಕೋರಿಕೆಗೆ, ಸಾಕ್ಷ್ಯ ಒದ್ದೆಯಾಗಿದೆ ಎಂದು ಉತ್ತರ ಬಂದಿದೆ.